ಚೀಟಿ ಇಲ್ಲದ ಗಿಡ

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಅಂಟಕ್ಕ ಅಂತಲೇ ಕರೆಯುತ್ತಿದ್ದದ್ದು. ಇಪ್ಪತ್ತಾರು ವರ್ಷದಿಂದ ಒಣಗಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸುವುದೇ ಕೆಲಸವಾದವಳಿಗೆ ಇನ್ನೇನು ಹೆಸರಿಟ್ಟಾರು? ಗಿಡವನ್ನು ಹಳೇ ಪೇಪರಿನ ನಡುವೆ ಹರಡಿ, ಎರಡು ಹಲಗೆಯ ಮಧ್ಯೆ ಬಿಗಿದು ಒಣಗಿಸಬೇಕು. ಆಮೇಲೆ ಅಂಟಿಸಬೇಕು. ಬಲಗಡೆ ಕೆಳಮೂಲೆಗೆ ಚೀಟಿ ಹಚ್ಚಬೇಕು: ಎಲ್ಲಿ ಸಿಕ್ಕಿತು, ಯಾವತ್ತು, ಎಷ್ಟು ಹೊತ್ತಿಗೆ, ಕಿತ್ತವರು ಯಾರು. ಕೆಲಸಕ್ಕೆ ಸೇರಿದ ದಿನವೇ ಹಳೇ ಮೇಷ್ಟ್ರು ಹೇಳಿಬಿಟ್ಟಿದ್ದರು, "ಚೀಟಿ ಇಲ್ಲದ ಗಿಡ ಕಸ ಕಣಮ್ಮ. ಗುಡಿಸಿ ಬಿಸಾಕು." ಅವತ್ತಿನಿಂದ ಗಿಡ ಕಿತ್ತ ಮರುಗಳಿಗೆಗೆ ಅವಳ ಕೈ ಚೀಟಿ ಬರೆಯುತ್ತಿತ್ತು. ತಲೆಗೆ ಅದರಲ್ಲಿ ಕೆಲಸವೇ ಇರಲಿಲ್ಲ. ಮನೆಯಲ್ಲೂ ಮಂಚದ ಕೆಳಗೆ ಒಂದು ಜೊತೆ ಹಲಗೆ ಇಟ್ಟುಕೊಂಡಿದ್ದಳು ಮಹರಾಯ್ತಿ.

ಅಂಥವಳು ಒಂದು ವರ್ಷದಿಂದ ಆ ಹಲಗೆ ಮುಟ್ಟಿರಲಿಲ್ಲ. ಅಮ್ಮ ಹೋದ ದಿನದಿಂದ.

ಅಮ್ಮನಿಗೆ ಮರೆವಿನ ಕಾಯಿಲೆ. ಬಾಗಿಲು ತೆರೆದಿದ್ದರೆ ಎದ್ದು ನಡೆದುಬಿಡುವಳು. ಹಿತ್ತಲ ಬಾಗಿಲಿನ ಮೇಲಿನ ಚಿಲಕ ಅವಳ ಬಾಗಿದ ಬೆನ್ನಿಗೆ ಎಟುಕುತ್ತಿರಲಿಲ್ಲ, ಮನೆಯವರಿಗೆ ಅದೊಂದೇ ಧೈರ್ಯ. ಅವತ್ತು ಭಾನುವಾರ. ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಆಯಾ ಹತ್ತು ಗಂಟೆಗೆ ಹಿತ್ತಲಿಗೆ ಕಸ ಹಾಕಿ ಬಂದು, ಮುಂಬಾಗಿಲಿಂದ ಔಷಧಿ ತರಲು ಹೋದಳು. ಹನ್ನೊಂದೂವರೆಗೆ ಬಂದು ನೋಡಿದರೆ ಹಿತ್ತಲ ಬಾಗಿಲು ಹಾರುಹೊಡೆದಿತ್ತು. ಅಮ್ಮ ಹಿತ್ತಲ ಹಿಂದಿನ ಹೊಂಡದಲ್ಲಿ ಸಿಕ್ಕಳು.

"ಆಯಾ ಹೋದ್ಮೇಲೆ ನೀನೇನಾದ್ರೂ ಆ ಬಾಗಿಲು ತೆಗೆದ್ಯಾ?" ಅಣ್ಣ ಕೇಳಿದ.

"ಇಲ್ಲಪ್ಪ. ನಾನು ಅಡಿಗೆಮನೆ ಬಿಟ್ಟು ಕದಲಲಿಲ್ಲ," ಅಂದಳು ಅಂಟಕ್ಕ.

ಅಷ್ಟೇ ಸಾಕಾಯ್ತು. ಅಣ್ಣ ಬೀದಿ ಕೇಳುವ ಹಾಗೆ ಕೂಗಾಡಿದ. ಆಯಾಗಳನ್ನು ಕಳಿಸುವ ಆಫೀಸಿಗೆ ಹೋಗಿ ಅವಳ ಹೆಸರು ಹೊಡೆದುಹಾಕಿಸಿ ಬಂದ. "ಚಿಲಕ ಹಾಕಿದ್ದೆ ಅಕ್ಕಾ, ನನ್ನ ಮಗಳಾಣೆ," ಅಂತ ಆಯಾ ನಾಲ್ಕು ದಿನ ಗೋಳಾಡಿದಳು, ಐದನೇ ದಿನ ಸುಮ್ಮನಾದಳು. ಸುಮ್ಮನಾದದ್ದೇ ಒಪ್ಪಿಕೊಂಡ ಹಾಗೆ ಅಂತ ಜನ ತೀರ್ಮಾನ ಮಾಡಿದರು. ಜನಕ್ಕೇನು, ಎಲುಬಿಲ್ಲದ ನಾಲಿಗೆ.

ಅಂಟಕ್ಕನಿಗೆ ಮಾತ್ರ ನಿದ್ದೆ ಹಾರಿಹೋಯಿತು. ಅಮ್ಮ ಹೋದ ಸಂಕಟ ಒಂದು ಕಡೆ. ಆ ಹೆಂಗಸಿನ ಅನ್ನ ಕಿತ್ತದ್ದು ತನ್ನ ಒಂದು ಮಾತು ಅನ್ನೋದು ಇನ್ನೊಂದು ಕಡೆ. ಹೇಳಿದ್ದು ನಿಜ ತಾನೇ ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವಳು. ಮರುದಿನ ಮತ್ತೆ ಅದೇ ರಾಗ.

ಕೊನೆಗೆ ಪ್ರಿನ್ಸಿಪಾಲರೇ ಅವಳನ್ನು ಕೌನ್ಸೆಲರ್ ಮೇಡಂ ಹತ್ತಿರ ಅಟ್ಟಿದರು. ಲೈಬ್ರರಿ ಮೇಲಿನ ಕೋಣೆಯಲ್ಲಿ ಗುರುವಾರ ಮಧ್ಯಾಹ್ನ ಆರು ಜನರ ಕ್ಲಾಸು. ಎಲ್ಲರಿಗೂ ಒಂದೊಂದು ದಪ್ಪ ನೋಟ್‌ಬುಕ್ಕು. "ದಿನಾ ಹೊರಗೆ ಹೋಗಿ. ಎಲೆ, ಹೂವು, ಗರಿ, ಏನು ಕಣ್ಣಿಗೆ ಬೀಳುತ್ತೋ ತಂದು ಅಂಟಿಸಿ, ಪಕ್ಕದಲ್ಲಿ ಮನಸ್ಸಿಗೆ ಬಂದದ್ದು ಬರೀರಿ. ನಿಮ್ಮನ್ನ ನೀವೇ ಕಂಡುಕೊಳ್ತೀರಿ," ಅಂದರು ಮೇಡಂ.

"ಚೀಟಿ ಎಲ್ಲಿ ಹಚ್ಚಬೇಕು?" ಕೇಳಿದಳು ಅಂಟಕ್ಕ. ಎಲ್ಲರೂ ಗೊಳ್ಳೆಂದು ನಕ್ಕರು.

"ಚೀಟಿ ಗೀಟಿ ಏನೂ ಬೇಡಮ್ಮ. ಇದು ಮನಸ್ಸಿನ ಪುಸ್ತಕ."

ಪಕ್ಕದಲ್ಲಿದ್ದ ರಿಟೈರ್ಡ್ ಬಸ್ ಡ್ರೈವರು ಒಂದು ಕಾಗೆ ಗರಿ ಅಂಟಿಸಿ, "ಇದು ನಾನು. ಹೆಂಡ್ತಿ ಹೇಳಿದ್ದು," ಅಂದ. ಅಂಟಕ್ಕನಿಗೂ ನಗು ಬಂತು, ಎಷ್ಟೋ ತಿಂಗಳ ಮೇಲೆ.

ಐದನೇ ವಾರ ಮೇಡಂ ಎರಡು ಪುಟಕ್ಕೂ ಹರಡಿದ ಒಂದು ಕೊಲಾಜ್ ಮಾಡಲು ಹೇಳಿದರು. ವಿಷಯ, ನಾನು ಮತ್ತು ನಾನು ಕಳೆದುಕೊಂಡದ್ದು. ಅಮ್ಮ ಇದ್ದಾಗ ಕಿತ್ತ ಗಿಡಗಳೇ ಆಗಬೇಕು ಅನ್ನಿಸಿತು ಅಂಟಕ್ಕನಿಗೆ. ಬುಧವಾರ ಸಂಜೆ ಮಂಚದ ಕೆಳಗಿನ ಹಲಗೆ ಎಳೆದು ಬೆಲ್ಟು ಬಿಚ್ಚಿದಳು. ಎರಡು ಜರೀಗಿಡ. ಒಂದು ಹುಲ್ಲಿನ ತೆನೆ. ಎಲ್ಲಕ್ಕಿಂತ ಮೇಲಿನ ಪೇಪರಿನಲ್ಲಿ ಬೇರು ಸಮೇತ ಒಂದು ಪುಟ್ಟ ಕಳೆಗಿಡ, ನೀಲಿ ಹೂವಿನದು. ಬಣ್ಣ ಇನ್ನೂ ಹಾಗೇ ಇತ್ತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ಚೀಟಿ. ಅವಳದೇ ಅಕ್ಷರ.

ಹಿತ್ತಲ ಬೇಲಿ. ಭಾನುವಾರ, ಹನ್ನೆರಡನೇ ತಾರೀಕು. ಬೆಳಿಗ್ಗೆ 10.40. ಕಿತ್ತವರು: ಸ್ವಂತ.

ಸುತ್ತಿದ್ದ ಪೇಪರ್ ನೋಡಿದಳು. ಅದೂ ಅದೇ ಭಾನುವಾರದ್ದು.

ಆಯಾ ಹೋದದ್ದು ಹತ್ತಕ್ಕೆ. ಹತ್ತೂ ನಲವತ್ತಕ್ಕೆ ಹಿತ್ತಲಲ್ಲಿ ಇದ್ದದ್ದು ತಾನು! ಎಷ್ಟು ತಿಣುಕಿದರೂ ಬಾಗಿಲು ತೆಗೆದದ್ದು ನೆನಪಿಗೆ ಬರಲಿಲ್ಲ, ಹಾಕಿದ್ದೂ ಬರಲಿಲ್ಲ. ಅಡಿಗೆಮನೆ ಕಿಟಕಿಯಿಂದ ನೀಲಿ ಕಂಡದ್ದು ಮಾತ್ರ ಮಸುಕಾಗಿ ಬಂತು. ಇದು ಕಾಲೇಜಿನ ಸಂಗ್ರಹದಲ್ಲಿ ಇಲ್ಲವಲ್ಲ ಅಂದುಕೊಂಡದ್ದು. ಬಾಡುವ ಮೊದಲು ಒಳಗೆ ಸೇರಿಸಬೇಕು ಅಂತ ಓಡಿದ್ದು. ಒಂದು ಕೈಯಲ್ಲಿ ಗಿಡ, ಇನ್ನೊಂದು ಕೈ ತುಂಬ ಬೇರಿನ ಮಣ್ಣು. ಚಿಲಕ ಹಾಕಲು ಮೂರನೇ ಕೈ ಎಲ್ಲಿತ್ತು? ಅಯ್ಯೋ ಅಮ್ಮಾ, ಅಂತ ನೆಲಕ್ಕೆ ಕುಸಿದು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿದ ಕೈ ತನ್ನದೇ.

ಅಣ್ಣನಿಗೆ ಫೋನ್ ಮಾಡಿದಳು. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, "ಹೋದವಳು ಹೋದ್ಲು. ಆ ಚೀಟಿ ಸುಟ್ಟುಹಾಕು. ಒಣಗಿದ ಗಾಯ ಯಾಕೆ ಕೆರೀತೀಯ? ನನ್ನ ಮುಖಕ್ಕೂ ಮಸಿ ಬಳೀಬೇಡ," ಅಂದ.

ಸುಡಲು ಕೈ ಬರಲಿಲ್ಲ. ಹಾಗಂತ ದೊಡ್ಡ ಸತ್ಯವಂತೆಯೂ ಆಗಲಿಲ್ಲ ಅವಳು. ಗುರುವಾರ ಕ್ಲಾಸಿನಲ್ಲಿ ಜರೀಗಿಡ, ತೆನೆ, ನಡುವೆ ನೀಲಿ ಹೂವು ಅಂಟಿಸಿದಳು. ಚೀಟಿ ಮಾತ್ರ ಪರ್ಸಿನಲ್ಲೇ ಉಳಿಯಿತು. ಮನಸ್ಸಿನ ಪುಸ್ತಕಕ್ಕೆ ಚೀಟಿ ಬೇಡ ಅಂತ ಮೇಡಮ್ಮೇ ಹೇಳಿದ್ದಾರಲ್ಲ! ಕಳ್ಳನಿಗೊಂದು ಪಿಳ್ಳೆ ನೆವ.

ಮೇಡಂ ಬಂದು ಬಗ್ಗಿ ನೋಡಿದರು. "ಎಷ್ಟು ಚೆನ್ನಾಗಿದೆ! ಈ ಹೂವು ನಿಮಗೆ ಏನು ಹೇಳ್ತಾ ಇದೆ?"

ಅಂಟಕ್ಕ ಬಲಗಡೆ ಕೆಳಮೂಲೆ ನೋಡಿದಳು. ಖಾಲಿ. ಇಪ್ಪತ್ತಾರು ವರ್ಷದಲ್ಲಿ ಅವಳ ಕೈಯಿಂದ ಹಾಗೆ ಖಾಲಿ ಬಿಟ್ಟ ಹಾಳೆ ಒಂದೂ ಆಚೆ ಹೋಗಿರಲಿಲ್ಲ. ಪರ್ಸು ತೆಗೆದಳು, ಚೀಟಿಯ ಹಿಂದೆ ಅಂಟು ಸವರಿ ಮೂಲೆಗೆ ಒತ್ತಿದಳು. ಪುಸ್ತಕ ಕಂಕುಳಿಗೆ ಸೇರಿಸಿ ಎದ್ದು ನಡೆದಳು. "ಎಲ್ಲಿಗಮ್ಮ?" ಅಂತ ಮೇಡಂ ಕೂಗಿದ್ದು ಮೆಟ್ಟಿಲವರೆಗೂ ಕೇಳಿಸಿತು.

ಆಯಾಳ ಮನೆ ಒಂದೇ ಕೋಣೆಯದು. ಬಾಗಿಲು ತಟ್ಟಿದರೆ ಒಳಗೆ ಒಂದರ ಹಿಂದೆ ಒಂದು ಮೂರು ಚಿಲಕ ತೆಗೆದ ಸದ್ದು. ಆಯಾ ಅರ್ಧ ಆಗಿಹೋಗಿದ್ದಳು. ಹಿಂದೆ ನೆಲದ ಮೇಲೆ ಹಳೇ ಪೇಪರಿನ ರಾಶಿ. ಅಂಗಡಿಗಳಿಗೆ ಕವರು ಮಾಡಿ ಕೊಟ್ಟು ಹೊಟ್ಟೆ ಹೊರೆಯುತ್ತಿದ್ದಾಳೆ ಅನ್ನುವುದು ನೋಡಿದರೇ ತಿಳಿಯುವಂತಿತ್ತು.

ಅಂಟಕ್ಕ ಪುಟ ತೆರೆದು ಹಿಡಿದಳು. ಆಯಾ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಮತ್ತೊಮ್ಮೆ ಓದಿದಳು.

"ಹಂಗಾದ್ರೆ ನಾನು ಹಾಕಿದ್ದೆ," ಅಂದಳು.

"ಹೂಂ ಕಣೇ. ನೀನು ಹಾಕಿದ್ದೆ. ತೆಗೆದವಳು ನಾನು."

"ಮೊದಲು ನಂಗೆ ಚೆನ್ನಾಗಿ ಗೊತ್ತಿತ್ತಕ್ಕಾ, ಹಾಕಿದ್ದೀನಿ ಅಂತ. ನೀವೆಲ್ಲ ಹೇಳಿ ಹೇಳಿ, ಆಮೇಲೆ ಹಾಕಿಲ್ಲ ಅಂತಾನೇ ನೆನಪಾಗೋಕೆ ಶುರುವಾಯ್ತು. ಕಣ್ಣು ಮುಚ್ಚಿದ್ರೆ ತೆರೆದ ಬಾಗಿಲೇ ಕಾಣೋದು. ನಾನೇ ಕೊಂದೆ ಅಂದ್ಕೊಂಡೆ ಒಂದು ವರ್ಷ." ಅವಳ ದನಿ ಏರಲೇ ಇಲ್ಲ. "ನನ್ನ ಮಗಳು ಅವಳ ಕೂಸನ್ನ ನನ್ನ ಹತ್ರ ಬಿಡಲ್ಲಕ್ಕಾ. ಎತ್ಕೊಂಡ್ರೆ ಪಕ್ಕದಲ್ಲೇ ನಿಂತಿರ್ತಾಳೆ."

ಅಂಟಕ್ಕ ಕೈ ಮುಗಿದಳು. "ಬೀದಿಯವರಿಗೆಲ್ಲ ಹೇಳ್ತೀನಿ. ಆಫೀಸಿಗೆ ಹೋಗ್ತೀನಿ. ಏನು ಮಾಡು ಅಂದ್ರೂ ಮಾಡ್ತೀನಿ."

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ವಂತೆ. ಬೀದಿಯವರು ಹಾಳಾಗಿ ಹೋಗ್ಲಿ. ಈ ಹಾಳೆ ಕೊಡಿ, ನನ್ನ ಮಗಳಿಗೆ ತೋರಿಸ್ಬೇಕು." ಕೇಳಿ ಕಾಯಲಿಲ್ಲ, ಎರಡೂ ಪುಟ ಹರಿದುಕೊಂಡಳು. ನೀಲಿ ಹೂವಿನ ಒಂದು ದಳ ಉದುರಿ ಹೊಸ್ತಿಲ ಮೇಲೆ ಬಿತ್ತು.

"ನನ್ನನ್ನ ಕ್ಷಮಿಸ್ತೀಯಾ?"

"ನೀವಿನ್ನು ಹೋಗಿ ಅಕ್ಕಾ," ಅಂದಳು ಆಯಾ. ಬಾಗಿಲು ಮುಚ್ಚಿತು.

ಅಂಟಕ್ಕ ಹೋಗಲಾರದೆ ಅಲ್ಲೇ ನಿಂತಿದ್ದಳು. ಒಳಗೆ ಒಂದು ಚಿಲಕ ಬಿತ್ತು. ಎರಡನೆಯದು ಬಿತ್ತು. ಮೂರನೆಯದು ಬಿತ್ತು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೂರನ್ನೂ ಮತ್ತೆ ತೆಗೆದು, ಮೊದಲಿನಿಂದ ಹಾಕತೊಡಗಿದ ಸದ್ದು ಕೇಳಿಸಿತು.