ಭಾರಕ್ಕೆ ಬೇಕಾದವರು

"ಏ, ಹೇಸರಗತ್ತೆ! ಹೊತ್ತಿದ್ದನ್ನ ಇಳಿಸಿ ಇಲ್ಲಿ ಬಾ!"

ಬಂದರು ಇನ್‌ಸ್ಪೆಕ್ಟರ್ ಪೆದ್ರಾಸಾ ತನ್ನ ಲಾಂಚಿನ ಮೇಲೆ ನಿಂತು ಕೂಗಿದ್ದು ನನ್ನನ್ನೇ. ನಾನಾಗ ಎದೆಮಟ್ಟದ ನೀರಿನಲ್ಲಿದ್ದೆ. ಬೆನ್ನಿನ ಮೇಲೆ ಜರ್ಮನ್ ಹೆಂಗಸೊಬ್ಬಳಿದ್ದಳು. ಅಂತಿಂಥ ಹೆಂಗಸಲ್ಲ, ಅವಳು ದೋಣಿಯಿಂದ ನನ್ನ ಬೆನ್ನಿಗೆ ದಾಟಿದಾಗ ದೋಣಿ ಒಂದು ಮಾರು ಮೇಲೆದ್ದಿತು, ನಾನು ಒಂದು ಮಾರು ಮರಳಿಗಿಳಿದೆ. ಆದರೂ ಅವಳ ಚಪ್ಪಲಿಯ ತುದಿ ಕೂಡ ನೆನೆಯಲಿಲ್ಲ. ಬೋಕಾ ಹೊಂದಾ ದ್ವೀಪದ ಈ ಅನಿಸೆತೊ ಹೊತ್ತವರು ಒದ್ದೆಯಾದ ಚರಿತ್ರೆಯೇ ಇಲ್ಲ. ಇಬ್ಬರು ಬಿಷಪ್ಪರನ್ನು ಒಂದೇ ಸಲಕ್ಕೆ ಹೊತ್ತಿದ್ದೇನೆ, ಎಡಹೆಗಲಿಗೊಬ್ಬ, ಬಲಹೆಗಲಿಗೊಬ್ಬ. ಅವರು ನನ್ನ ತಲೆಯ ಮೇಲೆಯೇ ಜಗಳವಾಡಿ, ದಡ ಮುಟ್ಟುವಷ್ಟರಲ್ಲಿ ರಾಜಿಯೂ ಆದರು. ಜನರಲ್ ಒಬ್ಬ ನನ್ನ ಹೆಗಲ ಮೇಲೆ ನಿದ್ದೆಹೋದವನು ಇಳಿಸಲು ಹೋದರೆ ಮಗುವಿನಂತೆ ಅತ್ತ.

ನಮ್ಮ ದ್ವೀಪದಲ್ಲಿ ದೋಣಿ ಬಂದು ತಾಗುವ ಧಕ್ಕೆಯಿಲ್ಲ. ಕಟ್ಟಿಕೊಡಿ ಎಂದು ನನ್ನ ತಾತ ಕೇಳಿದ, ಅಪ್ಪ ಕೇಳಿದ. ಕೋಟೆಯ ಅಂದ ಕೆಡುತ್ತದೆ ಎಂದು ಕಾರ್ತಹೇನ ನಗರದ ದೊಡ್ಡವರು ಅಡ್ಡಡ್ಡ ತಲೆಯಾಡಿಸಿದರು. ಹಾಗಾಗಿ ಸಾನ್ ಹಸಿಂತೊ ಕೋಟೆ ನೋಡಲು ಬರುವವರನ್ನು ದೋಣಿಯಿಂದ ದಡಕ್ಕೆ ಬೆನ್ನ ಮೇಲೆ ಹೊರುವುದೇ ನಮ್ಮ ಅನ್ನ. ಆ ಕೋಟೆಯ ಕಲ್ಲು ಹೊತ್ತವರೂ ನಮ್ಮವರೇ, ಕಾಲಿಗೆ ಸರಪಳಿ ಹಾಕಿಸಿಕೊಂಡು. ಸರಪಳಿ ಬಿಚ್ಚಿದರು, ಹೊರೆ ಯಾರೂ ಇಳಿಸಲಿಲ್ಲ.

ಜರ್ಮನ್ ಹೆಂಗಸನ್ನು ಒಣಮರಳಿನ ಮೇಲಿಟ್ಟು ಲಾಂಚಿನ ಹತ್ತಿರ ಹೋದೆ.

"ಏನ್ ಸಾಮಿ?"

"ನಾಳೆ ಬೆಳಗ್ಗೆ ಊರಿನವರೆಲ್ಲ ನಗರದ ದಡಕ್ಕೆ ಬರಬೇಕು. ದಪ್ಪಗಿರೋರು ಮುಂಚೆ. ದೋನ್ ಎರ್ನಾನ್ ಅವರ ಹೊಸ ಬಸ್ಸಿಗೆ ಪರೀಕ್ಷೆ ಇದೆ. ನೆಲದ ಮೇಲೆ ಬಸ್ಸು, ನೀರಿಗಿಳಿದ್ರೆ ದೋಣಿ. ಸೀಟು ತುಂಬ ಜನ ಹಾಕ್ಕೊಂಡು ಕೊಲ್ಲಿ ದಾಟಿ ಕೋಟೆ ಬಾಗಿಲಿಗೆ ಹತ್ತಿದ್ರೆ ಲೈಸೆನ್ಸು."

"ಪ್ಯಾಟೆಯೋರು ಯಾರೂ ಸಿಗ್ನಿಲ್ವಾ ಸಾಮಿ, ಕೂತ್ಕಳಾಕೆ?"

"ಪರೀಕ್ಷೆ ಆಗದ ಗಾಡಿಲಿ ಅವರನ್ನ ಹೇಗೋ ಕೂರಿಸೋದು, ದಡ್ಡ? ಮುಳುಗಿದ್ರೆ?"

"ನಾವು ಮುಳುಗಿದ್ರೆ?"

ಪೆದ್ರಾಸಾ ನಕ್ಕ. "ನೀವು ಮೀನಿನ ಜಾತಿ. ನೋಡು, ಮರಳು ಚೀಲಾನೇ ತುಂಬಬಹುದಿತ್ತು. ಆದರೆ ಮರಳಿಗೆ ದುಡ್ಡು, ಚೀಲಕ್ಕೆ ದುಡ್ಡು, ಹೊರೋರಿಗೆ ದುಡ್ಡು. ನೀವಾದ್ರೆ ನಿಮ್ಮನ್ನ ನೀವೇ ಹೊತ್ಕೊಂಡು ಬರ್ತೀರಿ."

ಮಧ್ಯಾಹ್ನದ ಹೊತ್ತಿಗೆ ಒಂದು ದೋಣಿಯ ತುಂಬ ಊಟದ ಪೊಟ್ಟಣಗಳೂ ಹಳದಿ ಅಂಗಿಗಳೂ ಬಂದವು. ತೆಂಗಿನಹಾಲಿನ ಅನ್ನ, ಹುರಿದ ಮೀನು. ಅಂಗಿಯ ಬೆನ್ನಿಗೆ 'ನಾನೂ ಪರಂಪರೆ' ಎಂದು ಅಚ್ಚು ಹಾಕಿತ್ತು. ಬಾದಾಮಿ ಮರದ ಕೆಳಗೆ ಅವನ್ನು ರಾಶಿ ಹಾಕಿ, ಸುತ್ತ ಊರೇ ನಿಂತಿತು. ಯಾರೂ ಮುಟ್ಟಲಿಲ್ಲ. ನಮ್ಮ ಊರಿನ ಅನುಮಾನಕ್ಕೆ ಜಗತ್ತಿನಲ್ಲಿ ಸಾಟಿಯಿಲ್ಲ. ಪಾದ್ರಿ ಕೊಟ್ಟ ಪ್ರಸಾದದ ರೊಟ್ಟಿಯನ್ನೂ ಮೂಸಿ ನೋಡಿ ತಿನ್ನುವವರು ನಾವು.

"ನಾಯಿಗ್ ಆಕ್ರಲಾ ಮೊದ್ಲು" ಎಂದ ಕಾತಲಿನೊ. ಹೊರುವುದರಲ್ಲಿ ಊರಿಗೆ ಎರಡನೆಯವನು. ಮೊದಲನೆಯವನು ಯಾರೆಂದು ಹೇಳಬೇಕಾಗಿಲ್ಲ.

ನಾಯಿ ಒಂದು ಪೊಟ್ಟಣವನ್ನು ಪೂರಾ ತಿಂದು ಅಲ್ಲೇ ಮಲಗಿತು.

"ನೋಡ್ದ್ರಾ? ಬಿತ್ತು!"

"ಅದು ಉಟ್ಟಿದಾಗಿಂದ ಮಲಗೇ ಐತೆ ಕಣೋ ಮುಂಡೇದೆ" ಎಂದೆ.

"ಇರ್ಲಿ. ಅಂಗಿ ಯಾಕ್ ಅಳದಿ? ಯೋಳು ನೋಡನ. ಕಡ್ಲಲ್ಲಿ ಎಣ ತೇಲಿದ್ರೆ ದೂರದಿಂದ ಕಾಣ್ಲಿ ಅಂತ! ಎತ್ತಾಕೆ ಸಲೀಸು."

ಹೆಂಗಸರು ಅಂಗಿಗಳನ್ನು ಇನ್ನೂ ಒಂದು ಮಾರು ದೂರ ಸರಿಸಿದರು.

ಆದರೆ ಬಿಟ್ಟುಬಿಡುವ ಹಾಗೂ ಇರಲಿಲ್ಲ. ನಾವು ಹತ್ತದಿದ್ದರೆ ಪಕ್ಕದ ದ್ವೀಪದವರು ಹತ್ತುತ್ತಾರೆ. ಬಸ್ಸು ಬಂದೇ ಬರುತ್ತದೆ. ಅದಕ್ಕೆಂದು ಕೋಟೆಯ ಬಾಗಿಲಿಂದ ಸಮುದ್ರದೊಳಕ್ಕೆ ಆಗಲೇ ಕಾಂಕ್ರೀಟಿನ ಇಳಿಜಾರು ಸುರಿದಾಗಿತ್ತು. ಧಕ್ಕೆ ಕಟ್ಟಿದರೆ ಕೆಡುವ ಅಂದ ಇದರಿಂದ ಕೆಡಲಿಲ್ಲ. ಜನ ನೆನೆಯದೆ ಬಾಗಿಲಲ್ಲೇ ಇಳಿದರೆ ನಮ್ಮ ಬೆನ್ನು ಯಾರಿಗೆ ಬೇಕು?

ಆಗ ಮಾತಾಡಿದವಳು ತೋಮಾಸವ್ವ. ಊರಿಗೇ ಹಿರಿಯಳು, ಮೀನು ಸೀಳುವ ಕಲ್ಲಿನ ಮೇಲೆ ಕೂತು, ಕತ್ತಿ ನಿಲ್ಲಿಸದೆ ಮಾತಾಡುವವಳು. ಪ್ರಾಯದಲ್ಲಿ ಅವಳೂ ಹೊತ್ತವಳೇ.

"ಎಸ್ರಿಲ್ದಿರೋ ದೋಣಿ ನಾನ್ ಅತ್ತಾಕಿಲ್ಲ. ನೀರ್ ಆಕಿ ಎಸ್ರಿಡ್ಲಿ. ಎಸ್ರಿಡೋಳು ನಾನೇ ಆಯ್ತೀನಿ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಊರೇ ಕುಣಿಯಿತು. ನಮ್ಮಲ್ಲಿ ಹೊಸ ದೋಣಿಗೂ ಮಗುವಿಗೆ ಮಾಡಿದಂತೆಯೇ ಜ್ಞಾನಸ್ನಾನ ಮಾಡಿಸುತ್ತೇವೆ. ಹೆಸರಿಟ್ಟು ನೀರೆರೆದವಳು ಆ ದೋಣಿಗೆ ಎರಡನೆಯ ತಾಯಿ. ಅಲ್ಲಿಂದಾಚೆಗೆ ದೋಣಿಯ ಒಡೆಯ ಅವಳನ್ನು 'ಕೊಮಾದ್ರೆ' ಎನ್ನಬೇಕು, ಅವಳು ಅವನನ್ನು 'ಕೊಂಪಾದ್ರೆ' ಎನ್ನಬೇಕು. ಬೀಗತನಕ್ಕಿಂತ ಬಿಗಿಯಾದ ನಂಟು ಅದು. ಅಣ್ಣತಮ್ಮಂದಿರು ಕಡಿದಾಡಬಹುದು, ಕೊಂಪಾದ್ರೆಯಾದವನು ಕೊಮಾದ್ರೆಯ ಮನೆಯ ಒಲೆ ಆರಿಸಿದ್ದನ್ನು ನಮ್ಮ ದ್ವೀಪ ಕಂಡಿಲ್ಲ. ದೋನ್ ಎರ್ನಾನ್ ಒಂದು ಸಲ ಕೊಮಾದ್ರೆ ಎಂದುಬಿಟ್ಟರೆ ಸಾಕು, ಸಿಕ್ಕಿಬಿದ್ದ. ನಮ್ಮ ಹೊಟ್ಟೆಯ ಮೇಲೆ ಆಮೇಲೆ ಹೇಗೆ ಹೊಡೆಯುತ್ತಾನೆ?

ಈ ಉಪಾಯ ಮೊದಲು ಹೊಳೆದದ್ದು ನನಗೆ. ತೋಮಾಸವ್ವ ಬಾಯಿಬಿಟ್ಟು ಹೇಳಿದಳು, ಅಷ್ಟೆ. ಈಗ ಕಾತಲಿನೊನನ್ನು ಕೇಳಿದರೆ ತನಗೆ ಹೊಳೆದದ್ದು ಎನ್ನುತ್ತಾನೆ; ಮುಂದೆ ಆದದ್ದನ್ನು ನೋಡಿದರೆ ಅವನಿಗೇ ಹೊಳೆದಿರಬೇಕು ಎಂದು ನನಗೂ ಅನಿಸುತ್ತದೆ.

ಮರುದಿನ ನಗರದ ದಡದಲ್ಲಿ ಬಸ್ಸು ನಿಂತಿತ್ತು. ಮುಂದೆ ದೋಣಿಯ ಮೂತಿ, ಕೆಳಗೆ ಲಾರಿಯ ಚಕ್ರ, ಹಿಂದೆ ಪಂಖ. ಕಪ್ಪೆಯೊಂದು ಲಾರಿಯನ್ನು ನುಂಗಿ ಜೀರ್ಣವಾಗದೆ ಕೂತಂತಿತ್ತು. ಎತ್ತರ ಹೇಳುತ್ತೇನೆ ಕೇಳಿ: ಅದರ ತಲೆ ನೋಡಲು ಹೋಗಿ ನನ್ನ ಟೋಪಿ ಹಿಂದಕ್ಕೆ ಬಿದ್ದದ್ದು ಇನ್ನೂ ಸಿಕ್ಕಿಲ್ಲ.

ಜ್ಞಾನಸ್ನಾನದ ವಿಷಯ ಕೇಳಿ ಪೆದ್ರಾಸಾ ಉರಿದುಬಿದ್ದ. "ನಿಮ್ಮ ಗೊಡ್ಡು ಕಂತೆಗಳಿಗೆಲ್ಲ ಟೈಮಿಲ್ಲ. ಹತ್ರೋ ಸುಮ್ನೆ!"

ದೋನ್ ಎರ್ನಾನ್ ಬಿಳಿ ಬೂಟು ಹಾಕಿದ್ದ, ನಗುಮುಖದವನು. "ಇರಲಿ ಬಿಡಿ ಪೆದ್ರಾಸಾ, ಚೆನ್ನಾಗಿರುತ್ತೆ. ಫೋಟೋದವನನ್ನ ಕರೀರಿ."

ತೋಮಾಸವ್ವ ಬಸ್ಸಿನ ಮೂತಿಗೆ ಸಮುದ್ರದ ನೀರು ಎರೆದಳು, ರಮ್ಮು ಎರೆದಳು, ಉಳಿದ ರಮ್ಮನ್ನು ತಾನು ಕುಡಿದಳು. "ಬಾಸಿಲಿಯಾ" ಎಂದು ಹೆಸರಿಟ್ಟಳು. ಅದು ಅವಳ ತಾಯಿಯ ಹೆಸರು. ತುಂಬು ಬಸುರಿಯಾಗಿದ್ದಾಗಲೂ ಸಾಹೇಬರನ್ನು ಬೆನ್ನ ಮೇಲೆ ಹೊರುತ್ತಿದ್ದ ಬಾಸಿಲಿಯಾ ತೋಮಾಸವ್ವನನ್ನು ಹೆತ್ತದ್ದು ನಮ್ಮ ದಡದ ಮರಳಿನ ಮೇಲೆಯೇ.

ದೋನ್ ಎರ್ನಾನ್ ತೋಳು ಚಾಚಿದ. ಎಲ್ಲರೂ ನೋಡುತ್ತಿದ್ದಂತೆ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟ. "ಇವತ್ತಿಂದ ನೀವು ನನ್ನ ಕೊಮಾದ್ರೆ!" ಎಂದ. ಜೋರಾಗಿಯೇ ಎಂದ. ಕಾತಲಿನೊ ನನ್ನ ಪಕ್ಕೆಗೆ ತಿವಿದ ತಿವಿತಕ್ಕೆ ನನ್ನದೊಂದು ಮೂಳೆ ಇವತ್ತಿಗೂ ಓರೆಯಾಗಿದೆ.

ನಾವು ಹಾಡುತ್ತಾ ಹತ್ತಿದೆವು.

ಬಸ್ಸು ನೀರಿಗೆ ಬಿತ್ತು. ಬಿದ್ದದ್ದಕ್ಕೆ ಕೊಲ್ಲಿಯ ನೀರೆಲ್ಲ ಅರ್ಧ ಹೊತ್ತು ಪನಾಮಾ ಕಡೆಗೆ ಹೋಗಿ ಬಂತು. ಆಮೇಲೆ ಮೂತಿ ಎತ್ತಿ ತೇಲಿತು. ಪೆದ್ರಾಸಾ, ದೋನ್ ಎರ್ನಾನ್, ಫೋಟೋದವನು, ಡ್ರೈವರು ನಾಲ್ವರೂ ಕಿತ್ತಳೆ ಬಣ್ಣದ ತೇಲುಜಾಕೆಟ್ಟು ತೊಟ್ಟಿದ್ದರು.

"ಸಾಮಿ, ನಮ್ಗೆ?" ಎಂದು ಕೇಳಿದೆ.

"ಮರಳಿಗೆ ಯಾರಾದ್ರೂ ಜಾಕೆಟ್ ಹಾಕ್ತಾರೇನೋ?"

ಕೊಲ್ಲಿಯ ನಡುವೆ ಬಸ್ಸು ನಿಲ್ಲಿಸಿದರು. ಪೆದ್ರಾಸಾ ಸೀಟಿ ಊದಿದ. "ಎಲ್ಲಾ ಎಡಕ್ಕೆ!" ನಾವು ಒಬ್ಬರ ಮೇಲೊಬ್ಬರು ಬಿದ್ದು ಎಡಕ್ಕೆ ಸರಿದೆವು. ಬಸ್ಸು ವಾಲಿತು, ನೀರು ಕಿಟಕಿಯ ಅಂಚು ನೆಕ್ಕಿತು. "ಬಲಕ್ಕೆ!" ಬಲಕ್ಕೆ ಹೊರಳಿದೆವು. "ನೀನು, ದಪ್ಪದವಳೇ, ಇನ್ನೂ ಅಂಚಿಗೆ! ಏ ಮುದುಕಿ, ಎದ್ದು ನಿಲ್ಲು, ಕೂತ್ರೆ ಲೆಕ್ಕಕ್ಕಿಲ್ಲ!" ತೋಮಾಸವ್ವ ಎದ್ದು ನಿಂತಳು. ಆಯ ತಪ್ಪಿ ಮೊಣಕಾಲೂರಿ ಬಿದ್ದು, ಕುಡಿದ ರಮ್ಮನ್ನೆಲ್ಲ ಕಾರಿಕೊಂಡಳು.

"ಗಾಡಿ ಗಲೀಜು ಮಾಡ್ಬೇಡ್ವೇ!"

"ನಿನ್ನ ಬಾಯಿಗ್ ಮಣ್ಣಾಕ, ಅವ್ವ ಕಣೋ ಅವ್ಳು!" ಕಾತಲಿನೊ ಮುಷ್ಟಿ ಎತ್ತಿದ.

ತೋಮಾಸವ್ವ ಬಾಯಿ ಒರೆಸಿಕೊಂಡು ಅವನ ಕೈ ಹಿಡಿದಳು. "ಬುಡ್ಲಾ. ಕೊಂಪಾದ್ರೆ ನೋಡ್ತಾವ್ನೆ, ಅವ್ನೇ ಯೋಳ್ತಾನೆ."

ಕೊಂಪಾದ್ರೆ ನೋಡುತ್ತಿರಲಿಲ್ಲ. ಕೋಟೆಯ ಕಡೆ ಕೈತೋರಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದ.

ಬಸ್ಸು ಇಳಿಜಾರು ಹತ್ತಿ ಕೋಟೆಯ ಬಾಗಿಲಲ್ಲಿ ನಿಂತಿತು. ಒಂದು ಹನಿ ಒಳಗೆ ಬಂದಿರಲಿಲ್ಲ. ಎಂಥ ಅನುಮಾನದ ಕಣ್ಣಿಗೂ ಅದರಲ್ಲಿ ಕುಂದು ಕಾಣುವಂತಿರಲಿಲ್ಲ. ಪೆದ್ರಾಸಾ ದೋನ್ ಎರ್ನಾನನ ಕೈ ಕುಲುಕಿದ. ನಮ್ಮನ್ನು ಇಳಿಸಿದರು.

ಲೈಸೆನ್ಸು ಬಂದದ್ದು ನಮಗೆ ಗೊತ್ತಾದದ್ದು ಹಗ್ಗದಿಂದ. ಇಳಿಜಾರಿನ ಎರಡೂ ಕಡೆಗೆ, ದಡದುದ್ದಕ್ಕೂ ನೀಲಿ ಹಗ್ಗ ಕಟ್ಟಿದ್ದರು. ನಮ್ಮ ದೋಣಿಗಳು ಬಂದು ನಿಲ್ಲುತ್ತಿದ್ದ ಜಾಗವೆಲ್ಲ ಹಗ್ಗದೊಳಗೆ ಹೋಗಿತ್ತು. ಕಾವಲಿನವನು ಕೋಲು ಅಡ್ಡ ಹಿಡಿದ. "ಹೊರೋರು ಒಳಗೆ ಬರೋ ಹಾಗಿಲ್ಲ. ಪ್ರವಾಸಿಗರ ಸುರಕ್ಷತೆ."

"ನಮ್ ಕೊಂಪಾದ್ರೆ ಬಸ್ಸು ಕಣಪ್ಪಾ ಇದು" ಎಂದು ತೋಮಾಸವ್ವ ನಕ್ಕಳು. ಕಾವಲಿನವನೂ ನಕ್ಕ. ನಗು ಒಂದೇ ಥರ ಇರಲಿಲ್ಲ.

ಆಗಲೂ ಅವಳಿಗೆ ಅನುಮಾನ ಬರಲಿಲ್ಲ ನೋಡಿ! ಅನ್ನವನ್ನು ಅನುಮಾನಿಸಿದೆವು, ಅಂಗಿಯನ್ನು ಅನುಮಾನಿಸಿದೆವು, ಬಸ್ಸಿನ ಒಂದೊಂದು ಮೊಳೆಯನ್ನೂ ಅನುಮಾನಿಸಿದೆವು. ಬಾಯಿಬಿಟ್ಟು ಕರೆದ ನಂಟನ್ನು ಅನುಮಾನಿಸುವುದನ್ನು ಮಾತ್ರ ನಮಗೆ ಯಾರೂ ಕಲಿಸಿರಲಿಲ್ಲ. ಕೊಂಪಾದ್ರೆಗೆ ಸುದ್ದಿ ಮುಟ್ಟಿಲ್ಲ, ಆಳುಗಳು ತಾವೇ ಕಟ್ಟಿದ್ದಾರೆ ಎಂದುಕೊಂಡಳು. ತೆಂಗಿನಕಾಯಿ ಮಿಠಾಯಿ ಮಾಡಿದಳು, ಹೆಸರಿಟ್ಟವಳು ನಂಟಿನವರ ಮನೆಗೆ ಒಯ್ಯುವ ಹಾಗೆ. ಒಗೆದ ಲಂಗ ಉಟ್ಟಳು. ನನ್ನನ್ನೂ ಕಾತಲಿನೊನನ್ನೂ ಕರೆದುಕೊಂಡು, ಹಗ್ಗದಾಚೆಯಿಂದ ಸುತ್ತಿ, ಕೋಟೆಯ ಬಾಗಿಲಿಗೆ ಹೋದಳು.

ದೋನ್ ಎರ್ನಾನ್ ಪ್ರವಾಸಿಗರ ಜೊತೆ ನಿಂತಿದ್ದ. ಬಸ್ಸಿನ ಮೂತಿಯಲ್ಲಿ ಬಾಸಿಲಿಯಾ ಎಂಬ ಹೆಸರಿರಲಿಲ್ಲ. ಹೆಸರು ಬರೆಯಬೇಕಾದ ಜಾಗದಲ್ಲಿ ಒಂದು ಬಿಯರ್ ಬಾಟಲಿಯ ಚಿತ್ರ ಬಳಿದಿದ್ದರು.

"ಕೊಂಪಾದ್ರೆ" ಎಂದಳು ತೋಮಾಸವ್ವ.

ಅವನು ಪಕ್ಕದವನನ್ನು ಕೇಳಿದ: "ಯಾರೀ ಮುದುಕಿ?"

"ನಾನು ಕಣಪ್ಪಾ, ತೋಮಾಸಾ. ಬಾಸಿಲಿಯಾಗೆ ನೀರ್ ಆಕ್ದೋಳು. ನಿನ್ ಆಳುಗಳು ದಡಕ್ಕೆ ಅಗ್ಗ ಬಿಗ್ದವ್ರೆ, ನಿಂಗ್ ಗೊತ್ತಿಲ್ದೆ. ಬಿಚ್ಚಾಕ್ ಯೋಳು."

ದೋನ್ ಎರ್ನಾನನಿಗೆ ನೆನಪಾಯಿತು. "ಓ, ಆ ಫೋಟೋ ಅಜ್ಜಿ!" ಅತಿಥಿಗಳ ಕಡೆ ತಿರುಗಿದ. "ತುಂಬಾ ಮುಗ್ಧ ಜನ ಇವರು." ಮಿಠಾಯಿಯ ತಟ್ಟೆಯಿಂದ ಒಂದು ತೆಗೆದುಕೊಂಡು, ಆ ಜಾಗದಲ್ಲಿ ಒಂದು ನೋಟು ಇಟ್ಟ. "ಉಳಿದಿದ್ದನ್ನ ಗೇಟಿನ ಹೊರಗೆ ಮಾರ್ಕೊಳ್ಳಮ್ಮ. ಒಳಗೆ ಬೇಡ."

ತೋಮಾಸವ್ವ ಆ ನೋಟನ್ನು ಬಹಳ ಹೊತ್ತು ನೋಡಿದಳು. ನಾನು ಕಂಡ ಹಾಗೆ ಆಕಾಶದ ಮೋಡಗಳೂ ಅಷ್ಟು ಹೊತ್ತು ನಿಂತಿದ್ದವು. ಆಮೇಲೆ ತಟ್ಟೆಯನ್ನು, ನೋಟು ಮಿಠಾಯಿ ಸಮೇತ, ನೆಲದ ಮೇಲಿಟ್ಟು ಬಂದುಬಿಟ್ಟಳು. ದಾರಿಯಲ್ಲಿ ಒಂದೇ ಮಾತು ಆಡಿದಳು.

"ಬೋಳಿಮಗ, ಮುತ್ತ್ ಬೇರೆ ಕೊಟ್ನಲ್ಲೋ."

ಭಾನುವಾರ ಬಸ್ಸು ತುಂಬಿ ಬಂತು. ಅದು ಇನ್ನೂ ದೂರದಲ್ಲಿದ್ದಾಗಲೇ ತೋಮಾಸವ್ವ ಹಗ್ಗ ದಾಟಿದಳು. ಕಾವಲಿನವನು ಕೋಲೆತ್ತಿದ, ನಾನು ಅವನನ್ನು ನೋಡಿದೆ, ಅವನು ಕೋಲು ಬಿಟ್ಟು ಓಡಿದ. ನನ್ನ ಹಿಂದೆ ಇಡೀ ಊರು ನಿಂತಿತ್ತು ಎಂದು ಕಾತಲಿನೊ ಹೇಳುತ್ತಾನೆ, ಇದ್ದರೂ ಇರಬಹುದು. ಇಳಿಜಾರು ನೀರಿಗೆ ಸೇರುವ ಕಡೆ ಅವಳು ಇಳಿದು, ಸಮುದ್ರಕ್ಕೆ ಬೆನ್ನು ಹಾಕಿ, ಕಾಲು ಮಡಿಸಿ ಕೂತಳು. ನೀರು ಸೊಂಟಕ್ಕಿತ್ತು. ಪಕ್ಕದಲ್ಲಿ ನಾನು ಕೂತೆ. ಕಾತಲಿನೊ ಕೂತ. ದಪ್ಪದವರು, ತೆಳ್ಳಗಿನವರು, ಹೊರುವವರು, ಮೀನು ಸೀಳುವವರು, ಇಳಿಜಾರಿನ ಅಗಲಕ್ಕೂ ಸಾಲಾಗಿ ಕೂತರು.

ಬಸ್ಸು ಹಾರ್ನು ಹೊಡೆಯುತ್ತ ಬಂದು ನಮ್ಮ ಹಿಂದೆ ನಿಂತಿತು. ಒಳಗಿದ್ದ ಪ್ರವಾಸಿಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟಿಕೆಟ್ಟಿನಲ್ಲಿ ಇದೂ ಸೇರಿದೆ ಎಂದುಕೊಂಡಿರಬೇಕು.

ಲಾಂಚಿನ ಮೇಲಿಂದ ಪೆದ್ರಾಸಾ ಧ್ವನಿವರ್ಧಕದಲ್ಲಿ ಕಿರುಚಿದ. "ಎದ್ದೇಳ್ರೋ! ಇದು ಲೈಸೆನ್ಸ್ ಇರೋ ದಾರಿ!"

"ಕೂರಾಕೂ ಒಂದ್ ಲೈಸೆನ್ಸ್ ಬರ್ಕೊಡಿ ಸಾಮಿ!" ಎಂದು ಕಾತಲಿನೊ ಕೂಗಿದ.

ಚಕ್ರಗಳಿಗೆ ಕಾಂಕ್ರೀಟು ಸಿಕ್ಕಿತ್ತು. ಇಂಜಿನ್ನು ಗುಡುಗಿತು. ಬಸ್ಸು ಒಂದು ಗೇಣು ಮುಂದೆ ಬಂತು. ಅದು ನೂಕಿದ ಅಲೆ ನಮ್ಮ ಬೆನ್ನಿಗೆ ಬಡಿದು ಕುತ್ತಿಗೆಗೆ ಏರಿ ಇಳಿಯಿತು. ಚಪ್ಪಾಳೆ ನಿಂತಿತು.

"ಕೊಮಾದ್ರೆ!" ಮೂತಿಯ ಮೇಲಿಂದ ದೋನ್ ಎರ್ನಾನನ ಧ್ವನಿ. "ಕೊಮಾದ್ರೆ ತೋಮಾಸಾ, ಎದ್ದೇಳಿ, ಮಾತಾಡೋಣ!"

ತೋಮಾಸವ್ವ ತಿರುಗಲಿಲ್ಲ. "ಇಳ್ದು ನೆಂದ್ಕೊಂಡ್ ಬಾ. ನನ್ ಮುಂದುಕ್ ಬಂದು ಕೂತ್ಕೊಂಡು ಮಾತಾಡು."

ನಾನು ಕತ್ತು ತಿರುಗಿಸಿ ನೋಡಿದೆ. ಅವನು ಕೆಳಗಿನ ನೀರು ನೋಡಿದ, ತನ್ನ ಬೂಟು ನೋಡಿದ, ಆಮೇಲೆ ನಮ್ಮ ಬೆನ್ನುಗಳ ಸಾಲು ನೋಡಿದ. ದೋಣಿಯ ಅಂಚಿನಲ್ಲಿ ಕೂತವರೆಲ್ಲ ಹೀಗೇ ನೋಡುತ್ತಾರೆ, ಇನ್ನೇನು ಒಬ್ಬ ಬಂದು ಬಗ್ಗುತ್ತಾನೆಂದು. ಯಾರೂ ಬಗ್ಗಲಿಲ್ಲ.

ಡ್ರೈವರು ಯಜಮಾನನ ಮುಖ ನೋಡಿದ. ಯಜಮಾನ ಲಾಂಚಿನ ಕಡೆ ನೋಡಿದ. ಪೆದ್ರಾಸಾ ಕೈಯಾಡಿಸಿದ, ನಿಲ್ಲು ಎಂದನೋ, ಹೋಗು ಎಂದನೋ, ನಾನಿದ್ದಲ್ಲಿಂದ ತಿಳಿಯಲಿಲ್ಲ. ಇಂಜಿನ್ನಿನ ಸದ್ದು ಏರಿತು. ಬೆನ್ನಿಗೆ ಅದರ ಬಿಸಿ ತಾಗುತ್ತಿತ್ತು. ಇನ್ನೊಂದು ಅಲೆ ಬಂತು. ನೀರು ತೋಮಾಸವ್ವನ ತುಟಿ ಮುಟ್ಟಿತು. ಅವಳು ಗಲ್ಲ ಸ್ವಲ್ಪ ಮೇಲೆತ್ತಿಕೊಂಡಳು, ಅಷ್ಟೆ.