ಚುಕ್ಕಿಗಳ ಹಿಂದಿನ ಹೆಸರು

ಮಕ್ಕಳ ಅಂಕಗಳೆಲ್ಲ ಮತ್ತೆ ಅಳಿಸಿಹೋಗಿದ್ದವು. ತೊಂಬತ್ತಾರರಲ್ಲಿ ಸಿಂಧನೂರಿಗೆ ಕಂಪ್ಯೂಟರ್ ಇನ್ನೂ ಹೊಸದು. ಗೊಬ್ಬರದಂಗಡಿಯ ಮೇಲಿನ ಆ ಕ್ಲಾಸಿಗೆ ಗ್ಯಾನಮ್ಮ ಟೀಚರಾಗಿ ಸೇರಿ ವರ್ಷ ತುಂಬಿರಲಿಲ್ಲ. ಹೋದ ತಿಂಗಳು ಹೀಗೇ ಆದಾಗ ತಪ್ಪನ್ನು ಕರೆಂಟಿನ ಮೇಲೆ ಹೊರಿಸಿದ್ದರು. ಈ ಸಲ ಕರೆಂಟು ಹೋಗಿರಲಿಲ್ಲ.

ಕ್ಲಾಸಿನ ಮಾಲೀಕ ಗಾಳೆಪ್ಪ ಬಾಗಿಲು ಮುಂದೆಳೆದ.

"ಪಾಸ್‌ವರ್ಡ್ ನಿಮ್ಮೊಬ್ಬರಿಗೇ ಗೊತ್ತು. ಮತ್ತ್ಯಾರು ಬಂದು ಅಳಿಸ್ತಾರ್ರಿ, ದೆವ್ವೇನು?"

"ನಾ ಅಳಿಸಿಲ್ರಿ ಸರ."

"ಹಂಗಾರ ಪಾಸ್‌ವರ್ಡ್ ಏನು ಹೇಳ್ರಿ. ಯಾರಿಗರ ಊಹಿಸಾಕ ಬರ್ತೈತೇನು ನೋಡೂಣು."

ಅದು ಅವಳ ಗಂಡನ ಹೆಸರು. ಮದುವೆಯ ದಿನ ನಾದಿನಿಯರು ಹೊಸ್ತಿಲಲ್ಲಿ ಅಡ್ಡಗಟ್ಟಿದಾಗ ಒಡಪಿನ ಪ್ರಾಸದಲ್ಲಿ ಹೆಣೆದು ಹೇಳಿದ್ದು ಬಿಟ್ಟರೆ ಅದು ಅವಳ ಬಾಯಿಂದ ಬಿದ್ದಿರಲಿಲ್ಲ. ರೇಷನ್ ಅಂಗಡಿಯಲ್ಲೂ ಪಕ್ಕದವರೇ ಹೇಳಬೇಕು. ಬಾಯಿಗೆ ಬಾರದ ಮಾತಿಗಿಂತ ಭದ್ರವಾದದ್ದು ಯಾವುದು ಎಂದು ಅದನ್ನೇ ಇಟ್ಟಿದ್ದಳು. ತೆರೆಯ ಮೇಲೂ ಅಕ್ಷರಕ್ಕೊಂದು ಚುಕ್ಕಿ ಮೂಡುತ್ತಿತ್ತೇ ಹೊರತು ಹೆಸರು ಕಾಣುತ್ತಿರಲಿಲ್ಲ.

"ಹೇಳಾಕ ಬರೂದಿಲ್ರಿ ಸರ."

"ಹಂಗಾರ ನಾಳಿಂದ ಬರಬ್ಯಾಡ್ರಿ."

ತಾನೇ ಅಳಿಸಿರಬಹುದೇ? ಹೋದ ತಿಂಗಳಿನಿಂದ ಅವಳಿಗೆ ತನ್ನ ಬೆರಳುಗಳ ಮೇಲೆ ನಂಬಿಕೆಯಿರಲಿಲ್ಲ. ಗಂಡನೂ ಅನ್ನುತ್ತಿದ್ದ: "ಎಲ್ಲಾ ಮರೀತಿ ನೀ. ತಲಿ ದಣದೈತಿ ನಿಂದು. ನೌಕರಿ ಸಾಕು, ಮನ್ಯಾಗ ಇರು."

ಬಾಗಿಲು ತಳ್ಳಿಕೊಂಡು ಅವನೇ ಬಂದ. ದಿನಾ ಅವಳನ್ನು ತಮ್ಮೂರು ಬಳಗಾನೂರಿನ ಬಸ್ಸಿಗೆ ಕರೆದೊಯ್ಯಲು ಬಂದು, ಅವಳು ಆಚೆ ಕೋಣೆಯಲ್ಲಿ ಪಾಠ ಮುಗಿಸುವವರೆಗೆ ಅವಳ ಕುರ್ಚಿಯಲ್ಲೇ ಕೂತಿರುತ್ತಿದ್ದ. ಪ್ರೀತಿಯಿಂದ ಅವಳೇ ಕಂಪ್ಯೂಟರ್ ಒಂದಿಷ್ಟು ಕಲಿಸಿದ್ದಳು. ಅಂಕ ಅಳಿಸಿದ್ದನ್ನು ಗಾಳೆಪ್ಪ ಹೇಳಿದಾಗ ಅವನು ಕೈಮುಗಿದ.

"ತಪ್ಪಾಗೈತ್ರಿ ಸರ ಆಕಿಂದ. ಹೊಟ್ಟ್ಯಾಗ ಹಾಕ್ಕೊಳ್ರಿ. ಮನಿಗೆ ಕರಕೊಂಡು ಹೋಗ್ತೀನಿ."

"ಪಾಸ್‌ವರ್ಡ್ ಹೇಳ್ರಿ ಅಂದ್ರ ಬಾಯೇ ಬಿಡವಲ್ರು ನೋಡಪ."

ಅವನು ನಕ್ಕ. "ಹೆಂಗ ಹೇಳ್ತಾಳ್ರಿ ಸರ? ಹೆಣಮಗಳು ಗಂಡನ ಹೆಸರು ಹೇಳ್ತಾಳೇನ್ರಿ?"

ಪಾಸ್‌ವರ್ಡ್ ಒಬ್ಬರ ಹೆಸರೆಂದು ಗ್ಯಾನಮ್ಮ ಯಾರಿಗೂ, ಗಂಡನಿಗೂ, ಹೇಳಿರಲಿಲ್ಲ. ಗಾಳೆಪ್ಪ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದ.

"ಸರ, ಅಳಿಸಿದವರು ಕನಕರಾಯ," ಎಂದಳು.

ಕನಕರಾಯ ಕೆನ್ನೆಗೆ ಏಟು ಬಿದ್ದವನಂತೆ ನಿಂತ. ಅವನು ಹೊರಟಿದ್ದು ಅವಳ ನೌಕರಿ ಬಿಡಿಸಲು. ಬಾಯಿ ಬಿಡಿಸಲು ಅಲ್ಲ.

ಗಾಳೆಪ್ಪ ತಲೆ ಕೆರೆದುಕೊಂಡ. "ಗಂಡಾ ಹೆಂಡತಿ ಜಗಳ ನಿಮ್ಮದು, ಮನ್ಯಾಗ ಬಗೀಹರಿಸ್ಕೊಳ್ರಿ. ನೌಕರಿ ಇರಲಿ ಟೀಚರ್. ಪಾಸ್‌ವರ್ಡ್ ಈಗೇ ಬದಲ ಮಾಡ್ರಿ. ಇನ್ನೊಮ್ಮೆ ಅಳಿಸಿತಂದ್ರ ಯಾರದು ತಪ್ಪು ಅಂತ ಕೇಳಾಂಗಿಲ್ಲ ನಾ. ಲೇ ತಮ್ಮ, ನೀ ಮ್ಯಾಲ ಬರಬ್ಯಾಡ."

ಅವಳು ಬದಲಿಸಿದಳು.

ಬಸ್ಸಿನಲ್ಲಿ ಕಿಟಕಿಯ ಕಡೆ ಅವಳನ್ನು ಕೂಡಿಸಿ, ಕನಕರಾಯ ಅಂಚಿಗೆ ಕೂತ. ಕಾಲುವೆ ದಾಟಿದ ಮೇಲೆ ಮೆತ್ತಗೆ ಕೇಳಿದ.

"ಈಗ ಪಾಸ್‌ವರ್ಡ್ ಏನ್ ಇಟ್ಟೀಬೇ? ನಿಮ್ಮವ್ವನ ಹೆಸರೇನು?"

ಅವಳು ಆಚೆ ಭತ್ತದ ಗದ್ದೆಗಳನ್ನು ನೋಡಿದಳು.

"ಅಲ್ಲೇನು? ಹಂಗಾರ ಮಸ್ಕಿ ಸಾಲ್ಯಾಗ ನಿನ್ನ ಜೋಡಿ ಓದಿದಾಕಿ... ಶಂಶಾದ್‌ಬೀ?"

ಭುಜಕ್ಕೆ ಭುಜ ತಾಗಿಸಿ ಕೂತವನಿಗೆ ಅವಳ ಮೈ ಬಿಗಿದದ್ದು ತಿಳಿಯಿತು. ಅಷ್ಟು ಸಾಕಾಯಿತು. ಕನಕರಾಯ ಕಂಡಕ್ಟರನ ಕಡೆ ತಿರುಗಿ, "ಎರಡು ಬಳಗಾನೂರು ಕೊಡ್ರಿ," ಎಂದ.