ಮಡಿಸಿಟ್ಟ ಹೊದಿಕೆ

ಹೊದಿಕೆಯ ಒಂದು ಅಂಚನ್ನು ಗದ್ದದ ಕೆಳಗೆ ಒತ್ತಿಟ್ಟುಕೊಂಡು ಅವಳು ಇನ್ನೊಂದು ಅಂಚಿಗೆ ಕೈ ಚಾಚಿದಳು. ಬೆರಳುಗಳು ಬೆಳಿಗ್ಗೆಯಿಂದಲೇ ಮುಷ್ಕರ ಹೂಡಿದ್ದವು. ಅಂಚು ಮೂರನೇ ಸಲ ಜಾರಿ ನೆಲಕ್ಕೆ ಬಿತ್ತು.

"ಬಿಡು ಅಕ್ಕ, ಅದೇನು ಕಾಲು ಬಂದು ಓಡಿಹೋಗುತ್ತಾ?" ಚಹಾ ಹಿಡಿದು ಬಂದ ತಂಗಿ ಹೊದಿಕೆಯನ್ನು ಎತ್ತಿ, ಮುದ್ದೆ ಮಾಡಿ ಕುರ್ಚಿಯ ಮೇಲೆ ಹಾಕಿದಳು.

"ಅದೇನು ಮಡಿಸಿದ್ದಾ, ಹಿಂಡಿದ್ದಾ?"

"ಹಿಂಡಿದ್ದು. ಏನೀಗ?"

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಹೊದಿಕೆ ಮಡಿಸಿದವಳು ಅವಳು. ಅಲ್ಲಿ ಎಲ್ಲರಿಗೂ ಅವಳು 'ಮಡಿಕೆ ಅಕ್ಕ'. ಹೊಸದಾಗಿ ಸೇರಿದವರು ಅವಳ ದುಂಡು ಮೈ ನೋಡಿ, ನೀರು ತುಂಬುವ ಮಡಿಕೆಯೇ ಇರಬೇಕೆಂದು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ವಾರದೊಳಗೆ ಆ ನಗು ನಿಲ್ಲುತ್ತಿತ್ತು. ಅವಳು ಮಡಿಸಿ ಪೇರಿಸಿದ ಹೊದಿಕೆಗಳು ಗಾರೆಯವನು ಕಟ್ಟಿದ ಗೋಡೆಯ ಹಾಗೆ ನಿಲ್ಲುತ್ತಿದ್ದವು. ಕೀಲುವಾತ ಬೆರಳಿಗಿಳಿದು ಸೊಂಟಕ್ಕೂ ಹಬ್ಬಿದ ಮೇಲೆ ಆ ಕೆಲಸ ತಪ್ಪಿತು. ಸರ್ಕಾರದ ಅಂಗವೈಕಲ್ಯ ಭತ್ಯೆ ಬರತೊಡಗಿತು. ಅದರಿಂದ ದಿನವೂ ಸಹಾಯಕಿಯೊಬ್ಬಳು ಬಂದು ಮೀಯಿಸಿ, ಬಟ್ಟೆ ಹಾಕಿ, ಮಧ್ಯಾಹ್ನ ಇನ್ನೊಮ್ಮೆ ಬಂದು ನೋಡಿ ಹೋಗುತ್ತಿದ್ದಳು. ಈ ವರ್ಷದ ಮರುತಪಾಸಣೆಯ ನಂತರ ಭತ್ಯೆ ನಿಂತಿತು. ಸಹಾಯಕಿ ಬರುವುದೂ ನಿಂತಿತು. ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು ಇನ್ನು ನಾಲ್ಕೇ ದಿನ ಉಳಿದಿತ್ತು.

ತಂಗಿ ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಕಾಗದ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಮೇಜಿನ ಮೇಲಿದ್ದ ತಪಾಸಣಾ ವರದಿಯನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದಳು.

"'ತಪಾಸಣೆ ಮುಗಿದ ಬಳಿಕ ಅರ್ಜಿದಾರರು ಮಂಚದ ಮೇಲಿನ ಹೊದಿಕೆಯನ್ನು ಯಾರೂ ಹೇಳದೆ ಅಚ್ಚುಕಟ್ಟಾಗಿ ಮಡಿಸಿಟ್ಟರು. ಕೈಗಳ ಬಳಕೆಯಲ್ಲಿ ತೊಂದರೆ ಕಂಡುಬರಲಿಲ್ಲ.' ಅಲ್ವೇ ಅಕ್ಕ, ನಿಂಗೆ ಮಡಿಸು ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಎದ್ದ ಮೇಲೆ ಹಾಸಿಗೆ ಹಾಗೇ ಬಿಟ್ಟು ಬರೋದಾ?"

"ಅದೇನು ನಿನ್ನ ಅತ್ತೆ ಮನೆಯಾ? ಹೇಗಿದ್ದೀರಿ ಅಂತ ಕೇಳಿದ್ದಕ್ಕೆ ಏನಂದೆ?"

"ಪರವಾಗಿಲ್ಲ ಅಂದೆ."

"ಸತ್ತು ಮಲಗಿದ್ರೂ ಯಾರಾದ್ರೂ ಕೇಳಿದ್ರೆ, ಎದ್ದು ಕೂತು ಪರವಾಗಿಲ್ಲ ಅಂತ ಹೇಳಿ ಮತ್ತೆ ಮಲಗ್ತೀಯ ನೀನು."

ಇಬ್ಬರೂ ನಕ್ಕರು. ತಂಗಿಯ ನಗು ಮೊದಲು ನಿಂತಿತು. "ಮಡಿಸಿ ಬಂದ ಮೇಲೆ ಎರಡು ದಿನ ಭಾವನೇ ನಿಂಗೆ ತುತ್ತು ತಿನ್ಸಿದ್ರಲ್ಲ, ಅದನ್ನ ಯಾರು ಬರೀತಾರೆ? ಹೋಗಿ ಹೇಳೇ."

"ನೋಡೋಣ."

"ನಿನ್ನ ನೋಡೋಣ ನನಗೆ ಗೊತ್ತಿಲ್ವಾ? ಚಹಾ ಯಾಕೆ ಹಾಗೇ ಇದೆ?"

"ಬೇಡ ಕಣೇ. ಎದೆ ಉರಿ."

ಎದೆ ಉರಿಯೇನೂ ಇರಲಿಲ್ಲ. ಸಹಾಯಕಿ ಬರುವುದು ನಿಂತಾಗಿನಿಂದ ಬಸ್ ಚಾಲಕನಾದ ಗಂಡ ನಸುಕಿನ ಪಾಳಿ ಬಿಟ್ಟು, ಅವಳ ಸ್ನಾನ ಮುಗಿಸಿ ಹನ್ನೊಂದಕ್ಕೆ ಡ್ಯೂಟಿಗೆ ಹೊರಡುತ್ತಿದ್ದ. ಅವನು ಹೋದ ಮೇಲೆ, ಸಂಜೆ ಮರಳುವ ತನಕ ಅವಳು ಒಂದು ಗುಟುಕು ನೀರನ್ನೂ ಮುಟ್ಟುತ್ತಿರಲಿಲ್ಲ. ಒಬ್ಬಳೇ ಶೌಚಾಲಯಕ್ಕೆ ಹೋಗಿ, ಬಟ್ಟೆ ಸಡಿಲಿಸಿ, ಕೂತು, ಮತ್ತೆ ಎದ್ದು ಬರುವುದು ಅವಳ ಕೈಲಾಗುತ್ತಿರಲಿಲ್ಲ. ಇದು ಗಂಡನಿಗೆ ಗೊತ್ತಿರಲಿಲ್ಲ. ಎದುರಿಗೇ ಕೂತ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ತಂಗಿಗೂ ಹೇಳಲು ನಾಲಿಗೆ ಏಳಲಿಲ್ಲ.

ಉಚಿತ ಸಲಹಾ ಕೇಂದ್ರದ ವಕೀಲೆ ಹೇಳಿದ್ದು ನೆನಪಾಯಿತು. "ಕಾಗದ ನೋಡಿಯೇ ತೀರ್ಪು ಕೊಡಿ ಅಂತಲೂ ಕೇಳ್ಬಹುದಮ್ಮ. ಆದ್ರೆ ಕಾಗದದಲ್ಲಿ ನೀವು ಮಡಿಸಿದ್ದು ಮಾತ್ರ ಇದೆ. ಎದುರು ಹೋಗಿ ಕೂತ್ಕೊಳ್ಳಿ. ಏನು ಮಾಡ್ತೀರಿ ಅಂತ ಹೇಳ್ಬೇಡಿ, ಏನೇನು ಮಾಡೋದು ಬಿಟ್ಟಿದ್ದೀರಿ ಅಂತ ಹೇಳಿ. ಯಜಮಾನರನ್ನೂ ಕರ್ಕೊಂಡು ಬನ್ನಿ."

ತಂಗಿ ಬೈಯುತ್ತಲೇ ಪಾತ್ರೆ ತೊಳೆದಿಟ್ಟು ಹೋದಳು. ಒಬ್ಬಳೇ ಉಳಿದ ಅವಳು ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಯಾರಿಗೂ ಹೇಳಲಾಗದ ಇನ್ನೊಂದು ಸಂಗತಿಯಿತ್ತು. ಆ ಸಾಲು ಅವಳಿಗೆ ಇಷ್ಟವಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಲಾಂಡ್ರಿಯ ಮೇಲ್ವಿಚಾರಕ ಬಾಯಿ ಬಿಡುತ್ತಿದ್ದದ್ದು ಎಲ್ಲಾದರೂ ಕಲೆ ಉಳಿದಾಗ ಮಾತ್ರ. 'ಅಚ್ಚುಕಟ್ಟಾಗಿ' ಎಂದು ಅವಳ ಕೆಲಸದ ಬಗ್ಗೆ ಯಾರಾದರೂ ಬರೆದಿದ್ದು ಇದೇ ಮೊದಲು. ಮನೆಯಲ್ಲಿ ಯಾರೂ ಇಲ್ಲದಾಗ ಎರಡು ಮೂರು ಸಲ ಆ ಪದವನ್ನು ಓದಿಕೊಂಡದ್ದೂ ಉಂಟು. ಮೇಲ್ಮನವಿ ಹಾಕುವುದೆಂದರೆ ಆ ಪದದ ಜೊತೆ ಜಗಳಕ್ಕೆ ನಿಲ್ಲಬೇಕು ಎಂಬ ಅಳುಕು ಒಳಗೇ ಕೊರೆಯುತ್ತಿತ್ತು.

ಆದರೆ ಜಗಳವೇಕೆ? ಮಡಿಸಿದ್ದು ನಿಜ. ಅಚ್ಚುಕಟ್ಟಾಗಿ ಮಡಿಸಿದ್ದೂ ನಿಜ. ವರದಿ ಬರೆದ ತಪಾಸಣೆಯವಳು ಕಂಡದ್ದನ್ನು ಬರೆದಳು. ಬಾಗಿಲು ಮುಚ್ಚಿದ ಮೇಲೆ ಈಚೆ ಏನಾಯಿತು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅದನ್ನು ತಾನೇ ಹೇಳಬೇಕಾಗಿತ್ತು. ಹೇಳದೆ ನುಂಗಿಕೊಂಡದ್ದು ತಾನೇ.

ಬಿಸಿಲು ಇಳಿಯುವ ಹೊತ್ತಿಗೆ ಗಂಡ ಬಂದ. ಬೂಟು ಬಿಚ್ಚಲೂ ಬಗ್ಗದೆ ಕುರ್ಚಿಗೆ ಒರಗಿದ.

"ನಿನ್ನ ತಂಗಿ ಏನಂದ್ಲು?"

"ಚೆನ್ನಾಗಿ ಬೈದ್ಲು."

"ಒಳ್ಳೇದಾಯ್ತು. ನನಗೊಂದು ಕೆಲಸ ಕಮ್ಮಿ ಆಯ್ತು." ನಕ್ಕು ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆಯದೆಯೇ ಮೆಲ್ಲಗೆ ಹೇಳಿದ: "ನಿಂಗೆ ಇಷ್ಟ ಇಲ್ದಿದ್ರೆ ಬೇಡ ಬಿಡು. ಆ ಅಪರಿಚಿತರ ಮುಂದೆ ಹೋಗಿ ಗೋಳು ಹೇಳ್ಕೊಳ್ಳೋದೇನು? ನಾನಿದ್ದೀನಲ್ಲ."

ಅವಳು ಅವನ ಬಿಚ್ಚದ ಬೂಟುಗಳನ್ನು ನೋಡಿದಳು. ಇದ್ದಾನೆ, ಹನ್ನೊಂದರವರೆಗೆ. ಆಮೇಲಿನ ಹೊತ್ತು ಅವನಿಗೆ ಗೊತ್ತೇ ಇಲ್ಲ. ತಾನು ಅಲ್ಲಿ ಬಾಯಿ ಬಿಟ್ಟರೆ, ನ್ಯಾಯಮಂಡಳಿಯ ಮೂವರು ಸದಸ್ಯರ ಜೊತೆಗೆ ಅವನೂ ಅದನ್ನು ಮೊದಲ ಸಲ ಕೇಳುತ್ತಾನೆ. ಯಾಕೆ ಹೇಳಲಿಲ್ಲ ಎಂದು ದಾರಿಯುದ್ದಕ್ಕೂ ಕೇಳುತ್ತಾನೆ, ಇಲ್ಲವೇ ಏನೂ ಕೇಳದೆ ಸುಮ್ಮನಾಗಿಬಿಡುತ್ತಾನೆ. ಎರಡಕ್ಕೂ ಅವಳಿಗೆ ಹೆದರಿಕೆ ಇತ್ತು. ಕೇಳಲಿ, ಎಂದುಕೊಂಡಳು.

"ಹೂಂ," ಎಂದಳು.

ಅವನು ಅದನ್ನು ಬೇಡ ಎಂದೇ ತಿಳಿದು ನಿಟ್ಟುಸಿರು ಬಿಟ್ಟ. ಅವಳು ತಿದ್ದಲು ಹೋಗಲಿಲ್ಲ. ಮೇಲ್ಮನವಿ ಅರ್ಜಿಯ ಮೂರನೇ ಪುಟದಲ್ಲಿ ಎರಡು ಚೌಕಗಳಿದ್ದವು: ಕಾಗದದ ಮೇಲಿನ ವಿಚಾರಣೆಗೆ ಒಂದು, ಖುದ್ದು ಹಾಜರಾಗುವುದಕ್ಕೆ ಇನ್ನೊಂದು. ನಾಳೆ ಇವನು ಹೊರಟ ಮೇಲೆ, ಪೆನ್ನನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಎರಡನೆಯದಕ್ಕೆ ಗುರುತು ಹಾಕಬೇಕು. ಗೀಟು ಎಷ್ಟು ವಕ್ರವಾದರೂ ಸರಿ, ಅದನ್ನು ಇನ್ನೊಬ್ಬರಿಂದ ಬರೆಸುವುದಿಲ್ಲ.